ಐವತ್ತಕ್ಕ ಎರಡು ಕಡಿಮಿ

(ಅಡರಕಟ್ಟಿಯ ಬೇವಿನ ಗಿಡದ ಕೆಳಗ 1978ರ ಅಂಬಾಸಿಡರ್. ಮಾವ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹಾಕಾಕತ್ತಾನ.)

ಅಳಿಯ: ಮಾವಾ, ಆರ್‌ಸಿ ಮುಗದೈತಿ. ಗದಗಿಗೆ ಹೋಗಿ ರಿನಿವಲ್ ಮಾಡಸಬೇಕು.

ಮಾವ: ಎಷ್ಟಪಾ, ಆರುನೂರಾ?

ಅಳಿಯ: ಆ ಕಾಲ ಹೋತು. 2022ರ ಏಪ್ರಿಲ್‌ದಾಗ 5,000 ಆತು. 2025ರಾಗ, 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗಿ ಬ್ಯಾರೆ.

ಮಾವ: ಹಸರ್ಯಾಕ? ಗಾಡಿ ಬಿಳೇದೈತಲ್ಲೋ!

ಅಳಿಯ: ಹೊಗಿಗೆ, ಮಾವಾ.

ಮಾವ: ನಿಮ್ಮತ್ತಿ ಒಲಿ ಮುಂದ ಇದೇನ್ ಹೊಗಿ! ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಅದಕ್ಕ ಕಾವಲು, ನನ್ನ ಗಾಡಿಗೆ ದಂಡ?

ಅಳಿಯ: ಎರಡು ವರ್ಷ ತಡಿ. 50 ತುಂಬಿದ್ರ ಅದು ವಿಂಟೇಜ್. 2021ರ ನಿಯಮ. 20,000 ಕಟ್ಟಿದ್ರ ಹಳೇ ನಂಬರನ್ನ ಇಟ್ಕೋಬಹುದು, ಹತ್ತು ವರ್ಷ ಚಿಂತಿಲ್ಲ.

ಮಾವ: ಅಂದ್ರ 49ಕ್ಕ ಗುಜರಿ, 50ಕ್ಕ ಗುರುಗಳು! ಆಮ್ಯಾಲ ಮೆಣಸಿನಕಾಯಿ ಚೀಲ ಹೇರ್ಕೊಂಡು ಬ್ಯಾಡಗಿಗೆ ಹೋಗಬಹುದಲ್ಲ?

ಅಳಿಯ: ದಿನಾ ಓಡಸಂಗಿಲ್ಲ, ಬಾಡಿಗಿನೂ ಹೊಡಿಯಂಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕ ಹೊರಗ ತಗೀಬೇಕು.

ಮಾವ: (ಬಾನೆಟ್ ಧಡಕ್ಕನ ಮುಚ್ಚಿ) ಈಗೂ ಅದನ್ನ ಮಾಡಾಕತ್ತೇನಲ್ಲೋ! ನೂಕು, ಮೇಸ್ತ್ರಿ ಅಂಗಡಿ ಮುಚ್ಚೂದ್ರೊಳಗ ಮುಟ್ಟೂಣು.