ಮಾಜಿ ಅಧ್ಯಕ್ಷರ ಗುಲಾಬಿ ನಡಿಗೆ

ಕಾಫಿ ಸೀಮೆಯಲ್ಲಿ ಮಾಜಿ ಅಧ್ಯಕ್ಷರಿಗೆ ಬರವಿಲ್ಲ. ಯಾವುದರ ಮಾಜಿ ಎಂದು ಮಾತ್ರ ಕೇಳಬಾರದು. ಕೇಳಿದರೆ ಪಟ್ಟಿ ಮುಗಿಯುವ ಹೊತ್ತಿಗೆ ಲೋಟದ ಕಾಫಿ ಆರಿರುತ್ತದೆ. ಸಹಕಾರ ಸಂಘ, ಬೆಳೆಗಾರರ ಸಂಘ, ಗಣಪತಿ ಸಮಿತಿ, ದೇವಸ್ಥಾನದ ಜೀರ್ಣೋದ್ಧಾರ, ಹಳೆ ವಿದ್ಯಾರ್ಥಿಗಳ ಒಕ್ಕೂಟ, ಕೆಸರುಗದ್ದೆ ಓಟದ ಸ್ವಾಗತ ಸಮಿತಿ, ಎಲ್ಲದರಲ್ಲೂ ಒಂದೊಂದು ಅವಧಿ ಕೂತು ಎದ್ದವರು. ಮೂಡಿಗೆರೆಗೆ ನಾಲ್ಕಾರು ಮಂದಿ, ಕಳಸಕ್ಕೆ ಇಬ್ಬರು ಮೂವರು, ಚಿಕ್ಕಮಗಳೂರಿನಲ್ಲಿ ಬೀದಿಗೊಬ್ಬರು. ಇವರಲ್ಲಿ ಕೂರುವ ಪಂಗಡ, ನಡೆಯುವ ಪಂಗಡ ಎಂದು ಎರಡುಂಟು. ನಾನು ಹೇಳಹೊರಟಿರುವುದು ನಡೆಯುವವರ ವಿಚಾರ.

ಇವರ ಪಂಚಾಂಗವೇ ಬೇರೆ. ಶಿವರಾತ್ರಿ ಹತ್ತಿರ ಬಂತೆಂದರೆ ಧರ್ಮಸ್ಥಳದ ಪಾದಯಾತ್ರೆ. ಘಟ್ಟದ ಮೇಲಿನ ಜಿಲ್ಲೆಗಳಿಂದ ಸಾವಿರಾರು ಜನ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಬಣಕಲ್‌ನಲ್ಲಿ ಮಜ್ಜಿಗೆ ಹಂಚಲು ನಿಂತ ಮಾಜಿ ಅಧ್ಯಕ್ಷರು ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟು ತಾವೂ ಜೊತೆಗೆ ಇಳಿದುಬಿಡುತ್ತಾರೆ. ದೀಪಾವಳಿಗೆ ಬಿಂಡಿಗದ ದೇವಿರಮ್ಮನ ಬೆಟ್ಟ, ಅದೂ ಬರಿಗಾಲಲ್ಲಿ. ದೀಪಾವಳಿಗೆ ಮುಂಚಿನ ಕೆಲವು ವಾರ ಮಾತ್ರ ಖಾಲಿ ಹೊಡೆಯುತ್ತಿತ್ತು. ಆಗ ಮಳೆ ಹಿಂದೆ ಸರಿದಿರುತ್ತದೆ, ಅರೇಬಿಕಾ ಇನ್ನೂ ಹಣ್ಣಾಗಿರುವುದಿಲ್ಲ, ಕುಯ್ಲಿಗೆ ಆಳು ಹುಡುಕುವ ತಲೆಬಿಸಿ ಶುರುವಾಗಿರುವುದಿಲ್ಲ. ಅಕ್ಟೋಬರ್ ತಿಂಗಳನ್ನು 1985ರಲ್ಲೇ ಅಮೆರಿಕದವರು ಸ್ತನ ಕ್ಯಾನ್ಸರ್ ಜಾಗೃತಿಗೆ ಎತ್ತಿಟ್ಟಿದ್ದಾರೆಂದು ಯಾರೋ ಹೇಳಿದ್ದೇ ತಡ, ನಮ್ಮ ಮಾಜಿ ಅಧ್ಯಕ್ಷರಿಗೆ ಅದು ಕಾಫಿ ಬೆಳೆಗಾರರ ಅನುಕೂಲ ನೋಡಿಯೇ ಇಟ್ಟ ತಿಂಗಳೆಂದು ಖಾತ್ರಿಯಾಯಿತು. ಮೂಡಿಗೆರೆಯಿಂದ ಕಳಸಕ್ಕೆ, ಬಣಕಲ್, ಕೊಟ್ಟಿಗೆಹಾರ, ಬಾಳೂರಿನ ಮೇಲೆ, ಮಧ್ಯೆ ಒಂದು ಕಡೆ ತಂಗಿ ನಡೆಯುವುದೆಂದು ಠರಾವಾಯಿತು. ಕಳಸೇಶ್ವರನ ದರ್ಶನ ಹೇಗೂ ಆಗುತ್ತದೆ, ಮನಸ್ಸು ಬಂದವರು ಹೊರನಾಡಿಗೂ ಹೋಗಬಹುದು. ಎರಡು ಪುಣ್ಯ, ಒಂದೇ ಶೂ.

ಸಭೆಯಲ್ಲಿ ಹೆಚ್ಚು ಹೊತ್ತು ತಿಂದದ್ದು ನಡಿಗೆಯ ಟೀ ಶರ್ಟಿನ ಬಣ್ಣ. ಖಾಕಿ ಚಡ್ಡಿ, ಬಿಳಿ ಪಂಚೆ, ಬೂದು ಜರ್ಕಿನ್, ಇವು ಬಿಟ್ಟು ನಾಲ್ಕನೆಯದನ್ನು ಮೈಮೇಲೆ ಹಾಕದ ಮನುಷ್ಯ ನಮ್ಮ ಮಾಜಿ ಅಧ್ಯಕ್ಷರು. ಗುಲಾಬಿಯೇ ಯಾಕೆ ಎಂದರು. ಅದಕ್ಕೊಂದು ಕಥೆಯಿದೆ. 1990ರ ದಶಕದ ಆರಂಭದಲ್ಲಿ ಷಾರ್ಲೆಟ್ ಹ್ಯಾಲಿ ಎಂಬ ಅಮೆರಿಕದ ಹೆಂಗಸು ಮನೆಯಲ್ಲೇ ಕೂತು ಪೀಚ್ ಬಣ್ಣದ ರಿಬ್ಬನ್ ಕಟ್ಟಿ, ಕ್ಯಾನ್ಸರ್ ತಡೆಗೆ ಸರ್ಕಾರ ಹೆಚ್ಚು ದುಡ್ಡು ಇಡಬೇಕೆಂಬ ಚೀಟಿ ಸೇರಿಸಿ ಹಂಚುತ್ತಿದ್ದಳು. ಒಂದು ಪತ್ರಿಕೆಯವರೂ ಸೌಂದರ್ಯವರ್ಧಕದ ಕಂಪನಿಯವರೂ ಬಂದು ರಿಬ್ಬನ್ ನಮಗೆ ಕೊಡಿ ಎಂದರು. ಇದು ವ್ಯಾಪಾರವಾಗುತ್ತದೆ, ಕೊಡಲ್ಲ ಎಂದಳು. ಬಣ್ಣ ಬದಲಾಯಿಸಿದರೆ ತಕರಾರಿಲ್ಲ ಎಂದು ವಕೀಲರು ಹೇಳಿದ ಮೇಲೆ 1992ರಲ್ಲಿ ಗುಲಾಬಿ ರಿಬ್ಬನ್ ಹೊರಬಿತ್ತು. ಎಲ್ಲ ಕೇಳಿಸಿಕೊಂಡ ಮಾಜಿ ಅಧ್ಯಕ್ಷರಿಗೆ ಒಳಗೊಳಗೇ ಸಮಾಧಾನ. “ಅಲ್ಲೂ ಕಮಿಟಿ ಗಲಾಟೆ ಇದೆ ಅಂತಾಯ್ತಲ್ಲ ಮಾರಾಯ್ರೆ” ಎಂದು ಗುಲಾಬಿಗೆ ಒಪ್ಪಿಗೆ ಕೊಟ್ಟರು. ಆ ಟೀ ಶರ್ಟನ್ನು ಮನೆಯಲ್ಲಿ ಒಂದೇ ಒಂದು ಸಲ ತೊಳೆದದ್ದು. ಜೊತೆಗೆ ನೆನೆಸಿದ್ದ ಪಂಚೆಗಳಿಗೆಲ್ಲ ಜಾಗೃತಿ ಮೂಡಿಬಿಟ್ಟಿತು. ಮುಂದಿನ ಗೃಹಪ್ರವೇಶಕ್ಕೆ ಅವರು ತಿಳಿಗುಲಾಬಿ ಪಂಚೆಯಲ್ಲೇ ಬಂದಿದ್ದರು, ಮತ್ತು ಯಾರೂ ಕೇಳದಿದ್ದರೂ ಕಾರಣ ವಿವರಿಸಿದರು.

ಚಂದಾ ಎತ್ತುವುದು ಅವರ ಹುಟ್ಟು ಕಸುಬು. ಅಮೆರಿಕದಲ್ಲಿ 1998ರಲ್ಲಿ ಮೂರು ದಿನಕ್ಕೆ ಅರವತ್ತು ಮೈಲಿ ನಡೆಯುವ ಸ್ತನ ಕ್ಯಾನ್ಸರ್ ನಡಿಗೆ ಶುರುವಾದಾಗ, ಇಂತಿಷ್ಟು ದುಡ್ಡು ಕೂಡಿಸಿ ತಂದವರಿಗಷ್ಟೇ ಹೆಜ್ಜೆ ಇಡಲು ಅಪ್ಪಣೆ. ನಮ್ಮಲ್ಲಿ ನಡೆಯದವರ ಹತ್ತಿರ ವಸೂಲಿ, ನಡೆಯುವವರಿಗೆ ಉಚಿತ ತಿಂಡಿ. ಮೊದಲೆಲ್ಲ ಚಂದಾ ಕೇಳಿದರೆ “ಕಾಫಿಗೆ ರೇಟಿಲ್ಲ” ಎಂಬ ಒಂದು ಮಾತು ಬೆಳೆಗಾರರನ್ನು ಕಾಪಾಡುತ್ತಿತ್ತು. 2024-25ರಲ್ಲಿ ರೇಟು ದಾಖಲೆ ಮುರಿದು ಏರಿದ್ದರಿಂದ ಪಾಪ, ಆ ಆಸರೆಯೂ ಹೋಯಿತು. ಈಗ “ರೇಟಿದೆ, ಬೆಳೆ ಎಲ್ಲಿದೆ” ಎನ್ನುತ್ತಾರೆ. ಮಾಜಿ ಅಧ್ಯಕ್ಷರು ಬಿಡುವವರಲ್ಲ. ಮೆಣಸಿನ ರೇಟು ತೆಗೆಯುತ್ತಾರೆ.

ಹೊರಡುವ ಬೆಳಿಗ್ಗೆ ನೋಡಬೇಕು ಅವರನ್ನು. ಮಂಗಳೂರಿನಿಂದ ತರಿಸಿದ ಶೂ, ಎರಡೂ ಕೈಗೆ ಮಡಚುವ ಊರುಗೋಲು, ಇಂಬಳಕ್ಕೆಂದು ಕಾಲುಚೀಲಕ್ಕೆ ಸವರಿದ ಸುಣ್ಣ-ಹೊಗೆಸೊಪ್ಪಿನ ನೀರು, ತೋಳಿಗೆ ಕಟ್ಟಿದ ಮೊಬೈಲು, ಅದರಲ್ಲಿ ಹೆಜ್ಜೆ ಎಣಿಸುವ ಆ್ಯಪು. ಹಿಂದೆ ಅವರದೇ ಜೀಪು, ಡ್ರೈವರ್ ಸಮೇತ, ನೀರು ಮತ್ತು ಕಡುಬು ಹೊತ್ತು, ಫಸ್ಟ್ ಗೇರಿನಲ್ಲಿ ನರಳುತ್ತ. ಮುಂಬೈಯಲ್ಲಿ 2012ರಲ್ಲಿ ಮಿಲಿಂದ್ ಸೋಮನ್ ಶುರುಮಾಡಿದ ಪಿಂಕಥಾನ್‌ನಲ್ಲಿ ಓಡುವವರು ಹೆಂಗಸರೇ. ನಮ್ಮ ನಡಿಗೆಯಲ್ಲಿ ಬ್ಯಾನರಿನ ಹಿಂದೆ ಮೊದಲ ಸಾಲು ಪೂರಾ ಗಂಡಸರು. ಎರಡನೇ ಸಾಲು ಮೊದಲ ಸಾಲಿಗೆ ಬರಲು ನೋಡುತ್ತಿರುವ ಗಂಡಸರು.

ಉದ್ಘಾಟನಾ ಭಾಷಣದಲ್ಲಿ ಮಾತ್ರ ಒಂದು ಆಶ್ಚರ್ಯ ನಡೆಯಿತು, ಹೇಳದಿದ್ದರೆ ಅನ್ಯಾಯವಾದೀತು. ಅವರ ಕೈಯಲ್ಲಿ ಯಾರೋ ಬರೆದುಕೊಟ್ಟ ಚೀಟಿ: 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಬಂದವರು ಅಂದಾಜು 1.92 ಲಕ್ಷ, ಅದರಿಂದ ಸತ್ತವರು ಸುಮಾರು 98 ಸಾವಿರ. ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿ ಇನ್ನೊಮ್ಮೆ ಓದಿದರು. “ನಮ್ಮ ಇಡೀ ತಾಲ್ಲೂಕಿನ ಜನ ಅಷ್ಟಿಲ್ಲ” ಎಂದರು. ಮೈಕಿನ ಮುಂದೆ ಅವರು ಅಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ಊರು ಕಂಡಿರಲಿಲ್ಲ. ಆಮೇಲೆ ವೇದಿಕೆ ಮೇಲಿದ್ದವರ ಹೆಸರು ಹೇಳಲು ತೊಡಗಿ ಎಂದಿನಂತಾದರು.

ನಡಿಗೆ ಬಣಕಲ್ ತಲುಪುವುದರೊಳಗೆ ವಿಷಯ ಬದಲಾಗಿತ್ತು. ಹೊರಟದ್ದು ಎದೆಯ ಕಾಯಿಲೆಗೆ. ಊಟದ ಹೊತ್ತಿಗೆ ಮಾತೆಲ್ಲ ಕಾಲಿನದ್ದೇ. ಹೆಬ್ಬೆರಳಿನ ಪಕ್ಕ ಒಂದು ಗುಳ್ಳೆ. ಅದರ ಉದ್ದ, ಅಗಲ, ಒಳಗಿನ ನೀರಿನ ಬಣ್ಣ. ಚಾರ್ಮಾಡಿಯಲ್ಲಿ ಎದ್ದ ಗುಳ್ಳೆಗೂ ಇದಕ್ಕೂ ಇರುವ ವ್ಯತ್ಯಾಸ. ಹರಳೆಣ್ಣೆ ಹಚ್ಚಬೇಕು ಎಂಬ ಬಣ, ಒಡೆಯಲೇಬಾರದು ಎಂಬ ಬಣ. ಅಷ್ಟರಲ್ಲಿ ಮುಂದಿನ ತಿರುವಿನ ತೋಟಕ್ಕೆ ಆನೆ ಬಂದಿದೆಯಂತೆ ಎಂದು ಮೊಬೈಲಿಗೆ ಸುದ್ದಿ ಬಂದು, ಎಲ್ಲರೂ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತರು. ಮೂಡಿಗೆರೆ ಕಡೆ ಇದು ಹೊಸತಲ್ಲ, ಮದುವೆ ದಿಬ್ಬಣಗಳೂ ಹೀಗೆ ಕಾದಿವೆ. ಮಾಜಿ ಅಧ್ಯಕ್ಷರಿಗೆ ಗುಳ್ಳೆ ತೋರಿಸಲು ಪ್ರಶಸ್ತ ಸಮಯ ಸಿಕ್ಕಿತು. ಶೂ ಬಿಚ್ಚಿ ಒಬ್ಬೊಬ್ಬರನ್ನೇ ಕರೆದರು.

ಆಗ ಎದುರಾದವರು ಸಿಸ್ಟರ್. ನಿವೃತ್ತ ನರ್ಸು. ಊರಿನ ಅರ್ಧ ಜನ ಅವರ ಕೈಯಲ್ಲಿ ಹುಟ್ಟಿದವರು, ಇನ್ನರ್ಧ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡವರು. ಗುಳ್ಳೆಯನ್ನು ಒಂದು ಗಳಿಗೆ ನೋಡಿ, “ಇದಕ್ಕೆ ಸಾಯಲ್ಲ ನೀವು” ಎಂದರು. ಮತ್ತೆ ಏನೋ ನೆನಪಾದವರ ಹಾಗೆ, “ನೀವು ಎದೆ ನೋಡ್ಕೊಳ್ತೀರಾ?” ಎಂದರು.

“ನಾನಾ?”

“ಗಂಡಸರಿಗೂ ಬರುತ್ತೆ. ಈ ಕಾಯಿಲೆ ಬಂದ ನೂರು ಜನರಲ್ಲಿ ಹತ್ತಿರ ಹತ್ತಿರ ಒಬ್ಬರು ಗಂಡಸರೇ. ತಮಗೆ ಬರಲ್ಲ ಅಂತ ಕೂತು, ಆಮೇಲೆ ತಡವಾಗಿ ಬರ್ತಾರೆ.”

ಮಾಜಿ ಅಧ್ಯಕ್ಷರು ಜರ್ಕಿನ್ನಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡರು. ಆನೆ ದಾಟಿತು ಎಂದು ಸುದ್ದಿ ಬಂದು, ನಡಿಗೆ ಮತ್ತೆ ಹೊರಟು, ಮುಂದಿನ ಸೇತುವೆ ಬರುವವರೆಗೆ ಅವರು ಬಾಯಿ ಬಿಡಲಿಲ್ಲ. ಮುಂದಿನ ಸಾಲಿನವರು ಗುಳ್ಳೆಯ ನೋವು ಜೋರಾಗಿದೆ ಎಂದುಕೊಂಡರು.

ಸಿಸ್ಟರ್ ನಡೆಯುತ್ತಿದ್ದದ್ದು ಕಟ್ಟಕಡೆಯ ಸಾಲಿನಲ್ಲಿ. ನಿಜವಾದ ನಡಿಗೆ ಇದ್ದದ್ದೂ ಅಲ್ಲೇ. ಮುಂದೆ ಘೋಷಣೆ, ಹಿಂದೆ ಪಿಸುಮಾತು. ಆಸ್ಪತ್ರೆಯಲ್ಲಿ ಮೇಜಿನ ಆಚೆ ಕೂತ ಡಾಕ್ಟರ ಮುಖ ನೋಡಿಕೊಂಡು ಕೇಳಲಾಗದ್ದನ್ನು, ಪಕ್ಕದಲ್ಲಿ ನಡೆಯುತ್ತ, ರಸ್ತೆ ನೋಡಿಕೊಂಡು ಕೇಳಬಹುದು. “ಸಿಸ್ಟರ್, ಒಂದು ಕೇಳ್ಲಾ” ಎಂದು ಒಬ್ಬೊಬ್ಬರೇ ಬಂದು, ಅರ್ಧ ಫರ್ಲಾಂಗು ಜೊತೆಗೆ ನಡೆದು, ಕೇಳಿ, ಮುಂದಕ್ಕೆ ಹೋಗುತ್ತಿದ್ದರು. ನೋವಿಲ್ಲದ ಗಂಟು, ಕಿತ್ತಳೆ ಸಿಪ್ಪೆಯಷ್ಟು ಒರಟಾದ ಚರ್ಮ, ಒಳಕ್ಕೆ ಸೆಳೆದುಕೊಂಡ ತೊಟ್ಟು, ಕಂಕುಳಲ್ಲಿ ಗೆಡ್ಡೆ. ಸಿಸ್ಟರ್ ಹೇಳುತ್ತಿದ್ದದ್ದು ಎರಡೇ ಮಾತು: ಹೆಚ್ಚಿನ ಗಂಟು ಕ್ಯಾನ್ಸರ್ ಅಲ್ಲ, ಆದರೆ ಅಲ್ಲ ಅಂತ ನೀನು ಹೇಳಬೇಡ, ಡಾಕ್ಟರ್ ಹೇಳಲಿ.

ಗಂಟು ಪತ್ತೆಹಚ್ಚಲು ದೊಡ್ಡ ಮಿಷನ್ನೇ ಬೇಕೆಂದಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. ಅರ್ಧದಷ್ಟು ಮಂದಿಯ ಎದೆಯನ್ನು, ತರಬೇತಿ ಕೊಟ್ಟ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 2021ರಲ್ಲಿ ಲೆಕ್ಕ ಹೊರಬಂತು: ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಹೆಚ್ಚೂಕಡಿಮೆ ನೂರಕ್ಕೆ ಮೂವತ್ತರಷ್ಟು ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಸರ್ಕಾರದ ಕಾರ್ಯಕ್ರಮದಲ್ಲೂ ಮೂವತ್ತು ದಾಟಿದ ಹೆಂಗಸರ ತಪಾಸಣೆ ಇದೆ, ಆಶಾ ಕಾರ್ಯಕರ್ತೆ ಬಂದು ಹೇಳಿಯೂ ಹೋಗುತ್ತಾಳೆ. ಅವಳು ಬರುವ ಹೊತ್ತಿಗೆ ತೋಟದಾಳುಗಳ ಲೈನ್ ಮನೆಯ ಹೆಂಗಸು ಕೆಲಸದ ಮೇಲೆ ತೋಟದಲ್ಲಿರುತ್ತಾಳೆ, ಅಷ್ಟೇ.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ಮುಗಿಸಿ ಬಾಳೂರಿನ ದಾರಿ ಹಿಡಿದಾಗ ಒಂದು ತೋಟದ ಗೇಟಿನ ಹತ್ತಿರ ಆಳುಹೆಂಗಸರು ಸಾಲಾಗಿ ನಿಂತಿದ್ದರು. ಸೊಂಟಕ್ಕೆ ಗೊಬ್ಬರದ ಚೀಲ ಕಟ್ಟಿ, ಕೈಯಲ್ಲಿ ಕಳೆಗತ್ತಿ, ಮೊಣಕಾಲವರೆಗೆ ಕೆಸರು. ಅವರಿಗೆ ಈ ಮೆರವಣಿಗೆ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. “ಬಸ್ಸಿಲ್ವಾ ಇವ್ರಿಗೆ?” ಎಂದು ಒಬ್ಬಳು ಕೇಳಿದ್ದು ನನ್ನ ಕಿವಿಗೇ ಬಿತ್ತು. ಮಾಜಿ ಅಧ್ಯಕ್ಷರು ಆ್ಯಪಿಗೆ ವಿರಾಮ ಒತ್ತಿ, ಎಲ್ಲರಿಗೂ ಗುಲಾಬಿ ರಿಬ್ಬನ್ ಹಂಚಿ, ಫೋಟೊಕ್ಕೆ ನಿಲ್ಲಿಸಿದರು. ಕತ್ತಿ ಹಿಂದೆ ಹಿಡ್ಕೊಳ್ಳಿ ಎಂದರು.

ಫೋಟೊ ಮುಗಿದ ಮೇಲೆ ಅವಳೇ, ಬಸ್ಸು ಕೇಳಿದವಳು, ಸಿಸ್ಟರ ಸೆರಗು ಹಿಡಿದು ಗೇಟಿನ ಕಂಬದ ಮರೆಗೆ ಕರೆದೊಯ್ದಳು. ಅಡಿಕೆಯಷ್ಟಿದೆ, ಯುಗಾದಿಯಿಂದ ಇದೆ, ನೋವಿಲ್ಲ. ನಾಳೆಯೇ ತೋರಿಸು ಎಂದರು ಸಿಸ್ಟರ್. ನಾಳೆ ಆಗಲ್ಲ, ಹಾಜರಿ ಹೋಗುತ್ತೆ. ನಾಡಿದ್ದು? ನಾಡಿದ್ದೂ ಹಾಜರಿಯೇ. ಭಾನುವಾರ? ಭಾನುವಾರ ಆಸ್ಪತ್ರೆಯಲ್ಲಿ ಯಾರಿರ್ತಾರೆ? ಇಲ್ಲಿಂದ ಮುಂದಿನದೂ ಅವಳ ಲೆಕ್ಕದಲ್ಲಿತ್ತು: ಇಲ್ಲಿ ನೋಡಿ ಹಾಸನಕ್ಕೋ ಮಂಗಳೂರಿಗೋ ಬರೆದುಕೊಟ್ಟರೆ ಬಸ್ಸಿಗೆ ಎಷ್ಟು, ಜೊತೆಗೆ ಯಾರು, ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದು. ವಿಕಿರಣ ಚಿಕಿತ್ಸೆ ಎಂದರೆ ವಾರಕ್ಕೆ ಐದು ದಿನದಂತೆ ವಾರಗಟ್ಟಲೆ ಎಂದು ಅವಳ ಅತ್ತಿಗೆಯಿಂದ ಗೊತ್ತಿತ್ತು. ನಮ್ಮ ಬ್ಯಾನರಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮಾಹಿತಿ ಅವಳ ಹತ್ತಿರ ಇತ್ತು.

ಸಿಸ್ಟರ್ ನೆಟ್ಟಗೆ ಬಂದು ಮಾಜಿ ಅಧ್ಯಕ್ಷರ ಊರುಗೋಲು ಹಿಡಿದು ನಿಲ್ಲಿಸಿದರು. “ಈ ತೋಟ ಯಾರದ್ದು?”

ತೋಟ ಅವರ ಭಾವನದ್ದು. ಆ ರಸ್ತೆಯಲ್ಲಿ ಯಾವ ತೋಟದ ಮುಂದೆ ನಿಲ್ಲಿಸಿ ಕೇಳಿದ್ದರೂ ಉತ್ತರ ಅದೇ ಆಗುತ್ತಿತ್ತು; ಭಾವನಲ್ಲದಿದ್ದರೆ ಷಡ್ಡಕ.

“ಫೋನ್ ಮಾಡಿ. ನಾಳೆ ಇವಳಿಗೆ ಸಂಬಳದ ರಜೆ.”

ಮಾಜಿ ಅಧ್ಯಕ್ಷರಿಗೆ ಇಂಥದ್ದೇ ಬೇಕು. ಒಬ್ಬರ ಪರವಾಗಿ ಇನ್ನೊಬ್ಬರಿಗೆ ಫೋನ್ ಮಾಡುವುದರಲ್ಲಿ ಅವರ ಜೀವನ ಸವೆದಿದೆ. ಮೊಬೈಲು ತೆಗೆದರು. ಸಿಗ್ನಲ್ ಇಲ್ಲ. ರಸ್ತೆಯ ಈ ಬದಿಗೆ ಹೋದರು, ಆ ಬದಿಗೆ ಹೋದರು, ಜೀಪಿನ ಬಾನೆಟ್ ಮೇಲೆ ನಿಲ್ಲುತ್ತೇನೆಂದರು. ಕೊನೆಗೆ ಆ ಹೆಂಗಸೇ, “ಅಲ್ಲಿ ಸಿಗುತ್ತೆ ಅಯ್ಯ” ಎಂದು ತೋಟದೊಳಗಿನ ದಿಬ್ಬ ತೋರಿಸಿದಳು. ಗುಳ್ಳೆಯ ಕಾಲು ಎಳೆದುಕೊಂಡು, ಒದ್ದೆ ಹುಲ್ಲಿನಲ್ಲಿ ಜಾರುತ್ತ, ಸಿಲ್ವರ್ ಓಕಿನ ಬುಡ ಹಿಡಿದು ಹತ್ತಿದರು. ಮೇಲಿನಿಂದ ಅವರ ದನಿ ಕೆಳಗಿದ್ದ ನಮಗೆಲ್ಲ ಕೇಳಿಸುತ್ತಿತ್ತು. ಮೊದಲು ಭಾವನ ಆರೋಗ್ಯ, ಆಮೇಲೆ ಮೆಣಸಿನ ರೇಟು, ಆಮೇಲೆ ನಡಿಗೆಯ ಯಶಸ್ಸು. ಸಿಸ್ಟರ್ ಕೆಳಗಿನಿಂದ ಕೂಗಿದ ಮೇಲೆ, ರಜೆ.

ರಜೆ ಸಿಕ್ಕಿತು. ಕೆಳಗಿಳಿಯುವಾಗ ಅವರಿಗೆ ಹೊಳೆದದ್ದು ಬೇರೆ: ದಿಬ್ಬ ಹತ್ತಿದ್ದು ಆ್ಯಪಿನಲ್ಲಿ ಬರಲಿಲ್ಲ, ವಿರಾಮ ಒತ್ತಿದ್ದು ಹಾಗೇ ಇತ್ತು. ಕಳಸ ತಲುಪುವವರೆಗೂ ಇದನ್ನು ಸಿಕ್ಕವರಿಗೆಲ್ಲ ಹೇಳಿದರು. ಒಟ್ಟು ಕಿಲೋಮೀಟರಿಗೆ ಅದನ್ನು ಕೈಬರಹದಲ್ಲಾದರೂ ಸೇರಿಸಬೇಕೆಂದು ಸಮಾರೋಪದಲ್ಲಿ ಒತ್ತಾಯವನ್ನೂ ಮಾಡಿದರು.

ಲೆಕ್ಕಪತ್ರದ ಸಭೆಗೆ ಸಿಸ್ಟರ್ ಕರೆಯದೆಯೇ ಬಂದರು. ಬರುವ ವರ್ಷ ಟೀ ಶರ್ಟು ಬೇಡ, ಆ ದುಡ್ಡು ಬಸ್ ಚಾರ್ಜಿಗಿಡಿ ಎಂದರು. ತೋಟಗಳವರು ಒಂದೊಂದು ಬೆಳಿಗ್ಗೆ ಸಂಬಳದ ರಜೆ ಕೊಡಲಿ; ನಡಿಗೆಯ ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವ ಜೀಪು ಲೈನ್ ಮನೆಗಳಿಗೆ ಹೋಗಿ ಹೆಂಗಸರನ್ನು ಆಸ್ಪತ್ರೆಗೆ ತಂದು ಬಿಡಲಿ ಎಂದರು. ಮಾಜಿ ಅಧ್ಯಕ್ಷರು ತಡಮಾಡದೆ ಒಪ್ಪಿದರು, ಡೀಸೆಲ್ ಕೂಡ ತಮ್ಮದೇ ಎಂದರು. ಷರತ್ತು ಒಂದೇ, ಜೀಪಿನ ಎರಡೂ ಬದಿಗೆ ಬ್ಯಾನರ್ ಇರಬೇಕು. ಒಂದೇ ಬದಿಗೆ ಸಾಕು ಎಂಬುದು ಸಿಸ್ಟರ ವಾದ. ಮಾಜಿ ಅಧ್ಯಕ್ಷರ ಫೋಟೊ ಎಡಬದಿಗೋ ಬಲಬದಿಗೋ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಅದಕ್ಕೊಂದು ಉಪಸಮಿತಿಯಾಗಿದ್ದು, ಸದ್ಯಕ್ಕೆ ಅವರೇ ಅದರ ಹಾಲಿ ಅಧ್ಯಕ್ಷರು.