ಟಾರ್ ಎಂಬ ಹಟಮಾರಿ

ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಿ ಫೈಲು ಕುಗ್ಗಿಸುವವರಿಗೆ ಸ್ವಲ್ಪ ಬಿಂಕ ಜಾಸ್ತಿ. ಇರಲಿ, ಅದನ್ನು ಇಳಿಸುವುದಕ್ಕೆ ಫೈಲುಗಳನ್ನು ಗಂಟು ಕಟ್ಟುವ ಟಾರ್ ಇದ್ದಾನಲ್ಲ!

1979ರ ಯುನಿಕ್ಸ್ ಏಳನೇ ಆವೃತ್ತಿಯ ಜೊತೆ ಬಂದ ಈ ಹಿರಿಯ, ಮ್ಯಾಗ್ನೆಟಿಕ್ ಟೇಪಿಗೆ ಫೈಲು ತುಂಬಲು ಹುಟ್ಟಿದವನು. ಟೇಪು ಹೋಯಿತು, ಹಟ ಹೋಗಲಿಲ್ಲ. ಅಡ್ಡಗೆರೆ ಹಾಕಿ ಸಿ (ಕಟ್ಟು), ಜೆಡ್ (ಕುಗ್ಗಿಸು), ಎಫ್ (ಫೈಲು) ಎನ್ನಬೇಕು. ಎಫ್ ಬೆನ್ನಿಗೇ ಕಟ್ಟಬೇಕಾದ ಗಂಟಿನ ಹೆಸರು. ಕೈತಪ್ಪಿ ಸಿ, ಎಫ್, ಜೆಡ್ ಅಂದಿರೋ, ‘ಜೆಡ್’ ಅನ್ನುವುದೇ ಹೆಸರೆಂದು ತಿಳಿದು, ನೀವು ಕೊಟ್ಟ ನಿಜವಾದ ಹೆಸರಿನ ಫೈಲು ಎಲ್ಲೂ ಸಿಗಲಿಲ್ಲವೆಂದು ಗೊಣಗುತ್ತಾನೆ. ಗೊಣಗಿದರೂ ‘ಜೆಡ್’ ಎಂಬ ಗಂಟನ್ನು ಕಟ್ಟಿಯೇ ಇಡುತ್ತಾನೆ, ಅದೂ ಕುಗ್ಗಿಸದೆ!

1992ರಲ್ಲಿ ಬಂದ ಜಿಜಿಪ್ ಮಾತಿಲ್ಲದವನು. ಕುಗ್ಗಿಸಿ ಕೊಡುತ್ತಾನೆ, ಮೂಲ ಫೈಲನ್ನು ಅಳಿಸಿಬಿಡುತ್ತಾನೆ. ಉಳಿಸಬೇಕಿದ್ದರೆ ‘ಕೆ’ ಅಂತ ಮೊದಲೇ ಹೇಳಬೇಕಿತ್ತು, ಸ್ವಾಮಿ.

ಟಾರ್ ಕಟ್ಟಿದ ಗಂಟು ಬಿಚ್ಚುವಾಗಿನ ಗಮ್ಮತ್ತೇ ಬೇರೆ. ಯಾರೋ ಪುಣ್ಯಾತ್ಮರು ಫೋಲ್ಡರಿಗೆ ಹಾಕದೆ ಕಟ್ಟಿದ ಗಂಟು, ತೂತುಬಿದ್ದ ರಾಗಿ ಚೀಲದಂತೆ, ನಿಂತಲ್ಲೇ ಎಲ್ಲವನ್ನೂ ಚೆಲ್ಲುತ್ತದೆ. ‘ಟಿ’ ಹಾಕಿದರೆ ಬಿಚ್ಚದೆಯೇ ಒಳಗೇನಿದೆ ಎಂದು ನೋಡಬಹುದು. ಆದರೆ ಅಷ್ಟು ತಾಳ್ಮೆ ಇದ್ದವರು ಕಪ್ಪು ಪರದೆಗೆ ಯಾಕೆ ಬರುತ್ತಾರೆ?

ಇನ್ನು ಮದುವೆಯ ಜೆಪೆಗ್ ಫೋಟೋಗಳನ್ನು ಕುಗ್ಗಿಸಲು ಹೊರಟವರು ದಯವಿಟ್ಟು ಮನೆಗೆ ಹೋಗಿ. ಅವು ಆಗಲೇ ಕುಗ್ಗಿಯೇ ಬಂದಿವೆ.