ಅಟ್ಟದ ಪಂಚವಾರ್ಷಿಕ ಯೋಜನೆ

ಯುಗಾದಿಗೆ ಇನ್ನು ಎಂಟೇ ದಿನಗಳು ಉಳಿದಿರಲಾಗಿ, ಗೃಹಶುದ್ಧಿಯೆಂಬ ಮಹಾಯಜ್ಞವನ್ನು ನಿರಾಯಾಸವಾಗಿ ನೆರವೇರಿಸುವ ಉಪಾಯವನ್ನು ನಮ್ಮ ರಾಯರು, ಬೆತ್ತದ ಕುರ್ಚಿಯಲ್ಲಿ ಒರಗಿ ಎರಡನೆಯ ಲೋಟ ಕಾಫಿಯನ್ನು ಮುಗಿಸುವಷ್ಟರಲ್ಲಿಯೇ ಕಂಡುಹಿಡಿದರು.

“ಕೇಳಿದೆಯೇನೇ? ಸರ್ಕಾರವು 1951ರಲ್ಲಿ ದೇಶಕ್ಕೇ ಐದು ವರ್ಷಗಳ ಯೋಜನೆ ಹಾಕಿತು. ನಮ್ಮ ಮನೆಗೆ ಐದು ದಿನಗಳದೊಂದು ಆಗದೆ? ದಿನಕ್ಕೊಂದು ಕೋಣೆ, ಆಯಾಸವೆಂಬುದೇ ಇರದು.”

“ಅಟ್ಟ ಯಾವ ದಿನಕ್ಕೆ?”

“ಅದು ದ್ವಿತೀಯ ಯೋಜನೆಗೆ.”

“ಹೋದ ವರ್ಷವೂ ಹೀಗೇ ಅಂದಿದ್ದಿರಿ. ಮುರಿದ ಕೊಡೆ, ಹಳೇ ಪಂಚಾಂಗದ ಕಟ್ಟು, ಮಗುವಿನ ತೊಟ್ಟಿಲು ಎಲ್ಲಾ ಅಲ್ಲೇ ಇವೆ. ಆ ಮಗು ಈಗ ಇಂಟರ್‌ಮೀಡಿಯೆಟ್ ಓದ್ತಿದ್ದಾನೆ.”

“ಪಂಚಾಂಗವನ್ನು ಎಸೆಯಬಾರದು ಕಣೇ! ಅರುವತ್ತು ವರ್ಷ ಕಳೆದರೆ ಅದೇ ಸಂವತ್ಸರ ಮರಳಿ ಬರುತ್ತದೆ.”

“ಬರಲಿ, ಅಷ್ಟರೊಳಗೆ ಗೆದ್ದಲು ಓದಿ ಮುಗಿಸಿರುತ್ತೆ.”

ಈ ವಾದಕ್ಕೆ ಶಾಸ್ತ್ರಾಧಾರವೇನೂ ಹೊಳೆಯದೆ ರಾಯರು ಮೌನಧಾರಣೆ ಮಾಡಲು, ಮನೆಯಾಕೆಯು ಕಿಲುಬು ಹಿಡಿದ ಹಿತ್ತಾಳೆಯ ದೀಪದ ಕಂಬವನ್ನೂ ನೆನೆಸಿದ ಹುಣಸೆಹಣ್ಣಿನ ಉಂಡೆಯನ್ನೂ ಅವರ ಮುಂದಿರಿಸಿದರು. ರಾಯರು ಪಂಚೆ ಮೇಲೆತ್ತಿ ಕುಳಿತು, ಹೆಬ್ಬೆರಳಗಲ ತಿಕ್ಕಿದರು. ಹುಳಿಗೆ ಕಿಲುಬು ಕರಗಿ, ಕಪ್ಪಿನ ನಡುವೆ ಹೊಂಬಣ್ಣದ ಗೆರೆಯೊಂದು ಮೂಡಿತು. ಅದನ್ನು ಕಾಲು ಗಂಟೆ ತಿರುತಿರುಗಿಸಿ ನೋಡಿದರು.

“ಆಹಾ, ಎಂತಹ ಪ್ರಗತಿ!”

“ಉಳಿದದ್ದು ತೃತೀಯ ಯೋಜನೆಗೋ?” ಎಂದ ಆಕೆ ಸೆರಗನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿದರು. ರಾಯರು ಓಡಿಬಂದು ಏಣಿಯನ್ನು ಒಂದು ಕೈಯಿಂದ ಹಿಡಿದರು. ಇನ್ನೊಂದರಲ್ಲಿ ಆ ದಿನದ ಪತ್ರಿಕೆಯಿತ್ತು.

“ಕೊಡೆಯನ್ನು ಮಾತ್ರ ಎಸೆಯಬೇಡವೇ, ಅದರ ಹಿಡಿ ಚೆನ್ನಾಗಿದೆ!”